ಒಂದು ಹಗ್ಗ, ಎರಡು ಕೋಣ

ಹೋದ ತಿಂಗಳು ರಾತ್ರಿ ಹತ್ತೂವರೆಗೆ ಊರಿನಿಂದ ಒಂದು ಫೋನು. ಹೈಸ್ಕೂಲಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದವ, ಈಗ ತಾಲೂಕು ಪೇಟೆಯಲ್ಲಿ ಸಣ್ಣದೊಂದು ಸ್ಟುಡಿಯೋ ಇಟ್ಟುಕೊಂಡಿದ್ದಾನೆ. ಮದುವೆ, ಗೃಹಪ್ರವೇಶ, ಆಧಾರ್ ಸೈಜಿನ ಫೋಟೋ, ಎಲ್ಲ ಮಾಡ್ತಾನೆ.

"ಮಾರಾಯ, ನೀನು ಇಂಜಿನಿಯರ್ ಅಲ್ವಾ, ಒಂದು ಕ್ಯಾಮೆರಾ ಹೇಳು. ಈ ಸೀಸನ್ನಿಗೆ ಕಂಬಳ ಮಾಡುವ ಅಂತ ಉಂಟು. ಫೋಟೋವೂ ಆಗ್ಬೇಕು, ವಿಡಿಯೋವೂ ಆಗ್ಬೇಕು. ಎರಡು ಲಕ್ಷದ ಒಳಗೆ. ಚಿನ್ನ ಅಡ ಇಡುದು, ಸರಿ ನೋಡಿ ಹೇಳು."

ಯಾರ ಚಿನ್ನ ಅಂತ ಕೇಳಲಿಲ್ಲ. ಅವನಿಗೆ ಮದುವೆಯಾಗಿ ಎರಡು ವರ್ಷ ಆಗಿದೆ, ಅಷ್ಟು ಗೊತ್ತು.

ನಾನು ಬರೆಯೋದು ಬ್ಯಾಂಕಿನ ಸರ್ವರಿಗೆ ಕೋಡು. ಕ್ಯಾಮೆರಾಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದರೆ ಊರಿನ ಲೆಕ್ಕದಲ್ಲಿ ಬಿಇ ಆದವನು ಮಿಕ್ಸಿಯಿಂದ ರಾಕೆಟ್ಟಿನವರೆಗೆ ಎಲ್ಲದಕ್ಕೂ ಉತ್ತರ ಕೊಡಬೇಕು. ಹಾಗಾಗಿ ಮೂರು ವೀಕೆಂಡು ಕೂತು ಕ್ಯಾಮೆರಾ ವಿಮರ್ಶೆಗಳನ್ನು ನೋಡಿದೆ, ಓದಿದೆ. ನೀವು ಈಗ ಓದ್ತಿರೋದು ಆ ವಿಮರ್ಶೆಗಳ ವಿಮರ್ಶೆ. ಇದರಲ್ಲಿ ಸ್ವಲ್ಪ ನನ್ನ ಹಳೇ ಸಿಟ್ಟೂ ಸೇರಿದೆ. ಅದನ್ನು ಮೊದಲೇ ಹೇಳಿಬಿಡ್ತೇನೆ.

ಕೆಲವು ವರ್ಷದ ಹಿಂದೆ ನಾನೂ ಇಂಥದ್ದೇ ವಿಮರ್ಶೆಗಳನ್ನು ನಂಬಿ, 'ಹೈಬ್ರಿಡ್' ಅಂತ ಹೆಸರಾದ ಒಂದು ಮಿರರ್‌ಲೆಸ್ ಕ್ಯಾಮೆರಾ ಇಎಂಐನಲ್ಲಿ ತಗೊಂಡೆ. ಸ್ಟಿಲ್ಲಿಗೂ ಸೈ, ವಿಡಿಯೋಗೂ ಸೈ. ಜೊತೆಗೆ ಒಂದು ಉದ್ದದ ಝೂಮ್. ಮಾವನ ಜೋಡಿ ಆ ವರ್ಷ ಹಗ್ಗ ಕಿರಿಯದಲ್ಲಿ ಸೆಮಿಫೈನಲ್ಲಿಗೆ ಬಂದಿತ್ತು. ಮಾವನ ಮನೆಯ ಕೋಣ ಸೆಮಿಗೆ ಬಂದದ್ದು ಅದೇ ಮೊದಲು. "ನೀನು ಎಂತದೋ ದೊಡ್ಡ ಕ್ಯಾಮೆರಾ ತಂದಿದ್ದಿಯಲ್ಲ, ಒಂದು ಒಳ್ಳೆ ಫೋಟೋ ತೆಗಿ ಮಗಾ, ಚಾವಡಿಯಲ್ಲಿ ಹಾಕುವ" ಅಂದರು ಮಾವ. ಬೆಳಗಿನ ಜಾವ ಎರಡು ಗಂಟೆ. ಮಂಜೊಟ್ಟಿಯ ಪಕ್ಕದಲ್ಲಿ ನಿಂತು ಓಟದ ಅರ್ಧ ವಿಡಿಯೋ ಮಾಡಿದೆ. ಕೋಣಗಳು ಹತ್ತಿರ ಬಂದಾಗ ಸ್ಟಿಲ್ಲಿಗೆ ಬದಲಿಸಿದೆ. ವಿಡಿಯೋ ಅರ್ಧಕ್ಕೇ ನಿಂತಿತು. ಸ್ಟಿಲ್ಲಿನಲ್ಲಿ ಬಂದದ್ದು ಕಂದು ಬಣ್ಣದ ಎರಡು ಮೋಡ, ಅದರ ಹಿಂದೆ ಮನುಷ್ಯನಿರಬಹುದು ಅನ್ನಿಸುವ ಒಂದು ಗೆರೆ. ಮುಂದಿನ ಸೀಸನ್ನಿಗೆ ಆ ಜೋಡಿಯ ಒಂದು ಕೋಣ ಇರಲಿಲ್ಲ. ಚಾವಡಿಯ ಆ ಗೋಡೆ ಈಗಲೂ ಖಾಲಿ.

ನಾನು ಆವಾಗ ಸೆಟ್ಟಿಂಗ್ ತಪ್ಪು ಮಾಡಿದೆ ಅಂತ ಅಂದುಕೊಂಡಿದ್ದೆ. ಅದು ಹೌದು ಕೂಡ. ಆದರೆ ಈಗ ಲೆಕ್ಕ ಹಾಕಿ ನೋಡಿದರೆ, ಆ ಕ್ಯಾಮೆರಾ ಮತ್ತು ಆ ಲೆನ್ಸು ಇಟ್ಟುಕೊಂಡು ಆ ರಾತ್ರಿ ಸರಿಯಾದ ಸೆಟ್ಟಿಂಗ್ ಅನ್ನೋದೇ ಇರಲಿಲ್ಲ. ಯಾವ ವಿಮರ್ಶೆಯೂ ನನಗೆ ಅದನ್ನು ಹೇಳಿರಲಿಲ್ಲ.

ಲೆಕ್ಕಕ್ಕೆ ಬರೋಣ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರಿನ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದ್ದು ನಿಮಗೆಲ್ಲ ನೆನಪಿರಬಹುದು. ಉಸೇನ್ ಬೋಲ್ಟ್‌ಗೆ ಹೋಲಿಸಿ ಇಡೀ ದೇಶ ಗಲಾಟೆ ಮಾಡಿತ್ತು. ಕೋಣ ಎಳೆಯುವಾಗ ಓಡುವುದಕ್ಕೂ ಟ್ರ್ಯಾಕಿನಲ್ಲಿ ಒಬ್ಬನೇ ಓಡುವುದಕ್ಕೂ ಹೋಲಿಕೆ ಇಲ್ಲ, ಆ ಮಾತು ಬಿಡಿ. ನಮಗೆ ಬೇಕಾದದ್ದು ವೇಗ. ಭಾಗಿಸಿ ನೋಡಿದರೆ ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್.

ವಿಡಿಯೋ ಕಣ್ಣಿಗೆ ಸಹಜವಾಗಿ ಕಾಣಬೇಕಾದರೆ ಶಟರ್ ವೇಗ ಫ್ರೇಮ್ ರೇಟಿನ ಎರಡರಷ್ಟು ಇರಬೇಕು ಅನ್ನೋದು ಸಿನಿಮಾ ಕಾಲದಿಂದ ಬಂದ ರೂಢಿ. 25 ಫ್ರೇಮಿಗೆ ಸೆಕೆಂಡಿನ 50ನೇ ಒಂದು ಭಾಗ. ಅಷ್ಟು ಹೊತ್ತಿನಲ್ಲಿ ಕೋಣ ಎಷ್ಟು ಮುಂದೆ ಹೋಗುತ್ತೆ? 21 ಸೆಂಟಿಮೀಟರ್. ಅಂದ್ರೆ ಸರಿಯಾಗಿ ಒಂದು ಗೇಣು. ವಿಡಿಯೋದಲ್ಲಿ ಆ ಒಂದು ಗೇಣು ಮಸುಕೇ ಓಟವನ್ನು ಓಟದ ಹಾಗೆ ಕಾಣಿಸೋದು. ಅದನ್ನು ತೆಗೆದರೆ ನೀರು ಹರಳಿನ ಹಾಗೆ ಕಿತ್ತುಕಿತ್ತು ಬೀಳುತ್ತೆ, ಕೋಣ ಗೊಂಬೆಯ ಹಾಗೆ ಕುಕ್ಕುತ್ತೆ.

ಸ್ಟಿಲ್ಲಿನಲ್ಲಿ ಅದೇ ಗೇಣು ಮಸುಕು ಬಂದರೆ ಫೋಟೋ ಕಸದ ಬುಟ್ಟಿಗೆ. ಅಲ್ಲಿಗೆ ಸಾವಿರದ ಒಂದು ಭಾಗ ಬೇಕು. ಆಗ ಕೋಣ ಚಲಿಸೋದು ಒಂದು ಸೆಂಟಿಮೀಟರ್. ಎರಡು ಸಾವಿರದ ಒಂದು ಭಾಗವಾದರೆ ಒಂದು ಅಕ್ಕಿಕಾಳಿನಷ್ಟು. ಕಾಲು ಮತ್ತು ಕೆಸರಿನ ಹನಿ ಮೈಗಿಂತಲೂ ಜೋರು, ಹಾಗಾಗಿ ಈ ಲೆಕ್ಕವೂ ಸ್ವಲ್ಪ ಉದಾರದ್ದೇ.

ಅಂದ್ರೆ ಒಂದೇ ಕ್ಷಣದಿಂದ ಇಬ್ಬರಿಗೆ ಬೇಕಾಗಿರೋದು ಬೇರೆ ಬೇರೆ. ವಿಡಿಯೋಗೆ ಗೇಣು, ಫೋಟೋಗೆ ಅಕ್ಕಿಕಾಳು. ಎರಡೂ ಒಂದೇ ಬಟನ್ನಿನಲ್ಲಿ ಬರುತ್ತೆ ಅನ್ನೋದು ಮಾರ್ಕೆಟಿಂಗ್. ಯಾವ ಬಾಡಿಯಲ್ಲೂ ಇದಕ್ಕೆ ಮದ್ದಿಲ್ಲ, ಯಾಕೆಂದರೆ ಇದು ಕ್ಯಾಮೆರಾದ ದೋಷವೇ ಅಲ್ಲ.

"4ಕೆ ವಿಡಿಯೋದಿಂದಲೇ ಫೋಟೋ ಕಿತ್ತುಕೊಳ್ಳಬಹುದಲ್ಲ" ಅಂತ ಒಬ್ಬ ವಿಮರ್ಶಕ ಹೇಳ್ತಾನೆ. ಒಪ್ಪಬಹುದಾದ ಮಾತೇ. 4ಕೆಯ ಒಂದು ಫ್ರೇಮ್ 3840 ಗುಣಿಸು 2160, ಅಂದ್ರೆ 83 ಲಕ್ಷ ಪಿಕ್ಸೆಲ್. ಪೇಪರಿಗೆ ಸಾಕು, ಚಾವಡಿಯ ಫ್ರೇಮಿಗೂ ಸಾಕು. ಆದರೆ ಆ ಫ್ರೇಮಿನಲ್ಲಿ ಗೇಣು ಮಸುಕು ಕೂತಿರುತ್ತಲ್ಲ? ಅದನ್ನು ತಪ್ಪಿಸಲು ಶಟರ್ ಏರಿಸಿದರೆ ವಿಡಿಯೋ ಕುಕ್ಕುತ್ತೆ. ಪಿಕ್ಸೆಲ್ ಲೆಕ್ಕ ಹೇಳಿದ ಆ ಪುಣ್ಯಾತ್ಮ ಶಟರ್ ಲೆಕ್ಕ ಹೇಳಲೇ ಇಲ್ಲ. ಅವನು ತೋರಿಸಿದ ಉದಾಹರಣೆಯಲ್ಲಿ ಒಬ್ಬಳು ಹುಡುಗಿ ಕಾಫಿ ಕಪ್ ಹಿಡಿದು ಮೆಲ್ಲಗೆ ತಿರುಗಿ ನಗ್ತಾಳೆ.

ಈಗ ಬೆಳಕಿನ ಲೆಕ್ಕ. ನನ್ನ ಮಾನ ಹೋದದ್ದು ಇಲ್ಲಿ. ರಾತ್ರಿಯ ಕರೆಯಲ್ಲಿ ನನ್ನ ಝೂಮಿನ ತುದಿಯಲ್ಲಿ ಅಪರ್ಚರ್ ಎಫ್ 5.6. ಸೆಕೆಂಡಿನ 50ನೇ ಭಾಗದಲ್ಲಿ ಐಎಸ್‌ಒ 1600ಕ್ಕೆ ವಿಡಿಯೋ ಚೆನ್ನಾಗೇ ಬರ್ತಿತ್ತು. ಸ್ಕ್ರೀನಿನಲ್ಲಿ ಅದನ್ನು ನೋಡಿ ಕ್ಯಾಮೆರಾ ಸಾಕು ಅಂದುಕೊಂಡೆ. ಆದರೆ ಸ್ಟಿಲ್ಲಿಗೆ ಸಾವಿರದ ಒಂದು ಭಾಗಕ್ಕೆ ಹೋದರೆ ಬೆಳಕು 20 ಪಟ್ಟು ಕಡಿಮೆ. ಐಎಸ್‌ಒ 32000 ಬೇಕು. ನನ್ನ ಸಣ್ಣ ಸೆನ್ಸರಿನಲ್ಲಿ ಆ ಸಂಖ್ಯೆಗೆ ಕೋಣದ ಮೈಮೇಲೆ ರಾಗಿ ಚೆಲ್ಲಿದ ಹಾಗೆ ಕಾಣುತ್ತೆ. ಕ್ಯಾಮೆರಾವನ್ನು ಆಟೋದಲ್ಲಿ ಬಿಟ್ಟಿದ್ದೆ. ಅದು ಪಾಪ, ರಾಗಿ ಬೇಡ ಅಂತ ಶಟರನ್ನೇ ಇಳಿಸಿ ಮೋಡ ಕೊಟ್ಟಿತು.

ಅದೇ ಜಾಗದಲ್ಲಿ ಎಫ್ 2.8ರ ಲೆನ್ಸ್ ಇದ್ದಿದ್ದರೆ ನಾಲ್ಕು ಪಟ್ಟು ಬೆಳಕು. ಐಎಸ್‌ಒ 8000. ರಾಗಿ ಸ್ವಲ್ಪ ಇರುತ್ತಿತ್ತು, ಫೋಟೋವೂ ಇರುತ್ತಿತ್ತು. ವಿಡಿಯೋಗೆ ಸಾಕಾದ ಲೆನ್ಸು ಫೋಟೋಗೆ ಸಾಕಾಗಲಿಲ್ಲ, ಇಷ್ಟೇ ವಿಷಯ. ನಾನು ನೋಡಿದ ವಿಮರ್ಶೆಗಳಲ್ಲಿ ಬಾಡಿಗೆ 20 ನಿಮಿಷ ಕೊಟ್ಟವರು ಲೆನ್ಸಿಗೆ ಒಂದು ವಾಕ್ಯ ಕೊಟ್ಟಿದ್ದರು: "ಪೇರ್ ಇಟ್ ವಿತ್ ಅ ಗುಡ್ ಲೆನ್ಸ್." ಎರಡು ಲಕ್ಷ ಬಜೆಟ್ಟಿನವನಿಗೆ ಆ ಒಂದು ವಾಕ್ಯದಲ್ಲೇ ಒಂದೂವರೆ ಲಕ್ಷ ಅಡಗಿ ಕೂತಿರಬಹುದು.

ಹಗಲಿನಲ್ಲಿ ಕಥೆ ಉಲ್ಟಾ. ಮಧ್ಯಾಹ್ನದ ಬಿಸಿಲಿಗೆ ಫೋಟೋ ಆರಾಮ. ವಿಡಿಯೋಗೆ ಬೆಳಕು ಜಾಸ್ತಿ. 50ನೇ ಭಾಗದ ಶಟರ್, ಎಫ್ 2.8 ಇಟ್ಟರೆ ಐಎಸ್‌ಒ 100ರಲ್ಲೂ ಬೆಳಕನ್ನು ಸುಮಾರು 64 ಪಟ್ಟು ಇಳಿಸಬೇಕು. ಅದಕ್ಕೆ ಲೆನ್ಸಿನ ಮುಂದೆ ಎನ್‌ಡಿ ಫಿಲ್ಟರ್ ಅನ್ನುವ ಕಪ್ಪು ಗಾಜು ತಿರುಪಬೇಕು. ಫೋಟೋ ತೆಗೆಯಲು ಆ ಗಾಜು ಬಿಚ್ಚಬೇಕು. ಓಟ ಮುಗಿಯೋದು 13 ಸೆಕೆಂಡಿಗೆ. 'ಒಂದು ಡಯಲ್ ತಿರುಗಿಸಿದರೆ ಫೋಟೋದಿಂದ ವಿಡಿಯೋಗೆ' ಅನ್ನುವವರು ಈ ಗಾಜನ್ನು ಯಾರ ಕೈಯಲ್ಲಿ ಬಿಚ್ಚಿಸ್ತಾರೆ?

ಇನ್ನೂ ಒಂದು ಸಣ್ಣ ವಿಷಯ, ದೊಡ್ಡ ತಲೆನೋವು. ನಮ್ಮ ಕರೆಂಟು 50 ಹರ್ಟ್ಸ್. ಹಳೇ ನಮೂನೆಯ ಫ್ಲಡ್‌ಲೈಟು ಸೆಕೆಂಡಿಗೆ 100 ಸಲ ಏರಿಳಿಯುತ್ತೆ. ಹಾಗಾಗಿ ಇಲ್ಲಿ 25 ಅಥವಾ 50 ಫ್ರೇಮು, ಶಟರ್ 50 ಇಲ್ಲವೇ 100ನೇ ಭಾಗ ಇಟ್ಟರೆ ವಿಡಿಯೋ ಮಿಟುಕುವುದಿಲ್ಲ. ದೊಡ್ಡ ದೊಡ್ಡ ವಿಮರ್ಶಕರು ಹಲವರು 60 ಹರ್ಟ್ಸಿನ ಅಮೆರಿಕದಲ್ಲಿ ಕೂತು "60 ಫ್ರೇಮಿನಲ್ಲಿ ತೆಗೀರಿ, ಸೂಪರ್ ಸ್ಮೂತ್" ಅಂತಾರೆ. ಅದನ್ನು ನಂಬಿ ಇಲ್ಲಿ ತೆಗೆದರೆ ಕರೆಯೇ ಉಸಿರಾಡುವ ಹಾಗೆ ಕಾಣುತ್ತೆ. ಸ್ಟಿಲ್ಲಿನಲ್ಲಿ ಅದೇ ಲೈಟಿನ ಕೆಳಗೆ ಒಂದು ಫೋಟೋ ಬೆಳ್ಳಗೆ, ಮುಂದಿನದ್ದು ಹಳದಿ. ಇದಕ್ಕಾಗಿಯೇ ಎಷ್ಟೋ ಕ್ಯಾಮೆರಾಗಳಲ್ಲಿ ಆಂಟಿ ಫ್ಲಿಕರ್ ಅಂತ ಒಂದು ಆಯ್ಕೆ ಇದೆ, ಬೆಳಕು ಏರಿದ ಹೊತ್ತು ನೋಡಿ ಕ್ಲಿಕ್ಕಿಸುತ್ತೆ. ಇದ್ದರೆ ಆನ್ ಮಾಡಿ. ಸ್ಪೆಸಿಫಿಕೇಶನ್ ಪಟ್ಟಿಯಲ್ಲಿ ಇದು ಎಲ್ಲೋ ಮೂಲೆಯಲ್ಲಿರುತ್ತೆ. ಕಂಬಳದವನಿಗೆ 8ಕೆಗಿಂತ ಮುಖ್ಯವಾದದ್ದು ಇದು.

ಹಾಗಂತ ಹೈಬ್ರಿಡ್ ಅನ್ನೋದು ಪೂರ್ತಿ ಸುಳ್ಳು ಅಂತ ನಾನು ಹೇಳಿದರೆ ಅದು ನನ್ನ ಸಿಟ್ಟಿನ ಮಾತಾಗುತ್ತೆ. 2008ರಲ್ಲಿ ನಿಕಾನ್ ಡಿ90, ಕ್ಯಾನನ್ 5ಡಿ ಮಾರ್ಕ್ 2 ಬಂದು ಡಿಎಸ್‌ಎಲ್‌ಆರ್ ಒಳಗೆ ವಿಡಿಯೋ ಕೂತಾಗಿನಿಂದ ಇಲ್ಲಿಯವರೆಗೆ ಆದ ಬದಲಾವಣೆ ಸಣ್ಣದಲ್ಲ. ಆಗಿನ ಸೆನ್ಸರು ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ನಿಧಾನ ಓದುತ್ತಿತ್ತು. ಓದಲು ಸೆಕೆಂಡಿನ 30ನೇ ಭಾಗ ಬೇಕಾದರೆ, ಅಷ್ಟರಲ್ಲಿ ಅಡ್ಡ ಓಡುವ ಕೋಣ 35 ಸೆಂಟಿಮೀಟರ್ ಮುಂದೆ. ಕೊಂಬು ಒಂದು ಕಡೆ, ಗೊರಸು ಇನ್ನೊಂದು ಕಡೆ, ಇಡೀ ಕೋಣ ಗಾಳಿಗೆ ಬಾಗಿದ ತೆಂಗಿನಮರ. 2017ರ ಸೋನಿ ಎ9 ಸೆಕೆಂಡಿಗೆ 20 ಫೋಟೋ ಸದ್ದಿಲ್ಲದೆ ತೆಗೆಯಿತು. 2021ರ ನಿಕಾನ್ ಝಡ್9 ಮೆಕ್ಯಾನಿಕಲ್ ಶಟರನ್ನೇ ಕಿತ್ತು ಹಾಕಿತು. 2023ರಲ್ಲಿ ಘೋಷಣೆಯಾದ ಸೋನಿ ಎ9 3 ಇಡೀ ಚಿತ್ರವನ್ನು ಒಂದೇ ಏಟಿಗೆ ಓದುತ್ತೆ, ಗ್ಲೋಬಲ್ ಶಟರ್ ಅಂತಾರೆ. ಸೆಕೆಂಡಿಗೆ 120 ಫೋಟೋ. ಕೋಣ ಬಾಗುವುದೇ ಇಲ್ಲ. ಅಮೆರಿಕದಲ್ಲಿ ಬಿಡುಗಡೆಯಾದಾಗ ಬಾಡಿಯೊಂದಕ್ಕೇ 5,999 ಡಾಲರ್. ನನ್ನ ಗೆಳೆಯನ ಸ್ಟುಡಿಯೋ ಸಾಮಾನು ಪೂರ್ತಿ ಮಾರಿದರೂ ಅಷ್ಟಾಗಲಿಕ್ಕಿಲ್ಲ. ಇಷ್ಟೆಲ್ಲ ಆದಮೇಲೂ ಗೇಣು ಮತ್ತು ಅಕ್ಕಿಕಾಳಿನ ಜಗಳ ಹಾಗೇ ಇದೆ ನೋಡಿ. ಬಾಗುವುದು ನಿಂತಿತು, ಮಸುಕಿನ ಆಯ್ಕೆ ನಿಮ್ಮದೇ.

ಫೋಕಸ್ಸಿನ ವಿಷಯದಲ್ಲಿ ಹೊಸ ಬಾಡಿಗಳು ನಿಜವಾಗಿಯೂ ಗೆದ್ದಿವೆ, ಒಪ್ಪಬೇಕು. 200 ಎಂಎಂ ಲೆನ್ಸ್, ಎಫ್ 2.8, ಫುಲ್ ಫ್ರೇಮ್ ಬಾಡಿ, ಕೋಣ ನಿಮ್ಮಿಂದ ಹತ್ತು ಮೀಟರಿನಲ್ಲಿದೆ ಅನ್ನಿ. ಫೋಕಸ್ಸಿನಲ್ಲಿರುವ ಜಾಗದ ಆಳ ಸುಮಾರು 40 ಸೆಂಟಿಮೀಟರ್. ಸೆಕೆಂಡಿಗೆ 20 ಫೋಟೋದಲ್ಲಿ ಒಂದರಿಂದ ಇನ್ನೊಂದಕ್ಕೆ ಕೋಣ ಅರ್ಧ ಮೀಟರ್ ಮುಂದೆ ಬಂದಿರುತ್ತೆ. ಅಂದ್ರೆ ಒಂದೇ ಫ್ರೇಮ್ ಹಿಂದೆ ಬಿದ್ದರೂ ಕಣ್ಣು ಬಿಟ್ಟು ಬಾಲಕ್ಕೆ ಫೋಕಸ್. ಇದನ್ನು ಹಿಡಿಯುವ ಪ್ರಾಣಿ ಗುರುತಿಸುವ ಫೋಕಸ್ ಈಗ ಬಂದಿದೆ. ನಾನು ನೋಡಿದ ಮೆನುಗಳಲ್ಲಿ ನಾಯಿ ಇದೆ, ಬೆಕ್ಕು ಇದೆ, ಹಕ್ಕಿ ಇದೆ. ಒಂದರಲ್ಲಿ ಕುದುರೆಯನ್ನೂ ಸೇರಿಸಿದ್ದಾರೆ. ಕೋಣದ ಐಕಾನ್ ಎಲ್ಲೂ ಕಾಣಲಿಲ್ಲ. ಮುಖಕ್ಕೆ ಕೆಸರು ಮೆತ್ತಿಕೊಂಡು ಬರುವ ಕೋಣವನ್ನು ಅದು ನಾಯಿ ಅಂದುಕೊಳ್ಳುತ್ತೋ, ಕುದುರೆ ಅಂದುಕೊಳ್ಳುತ್ತೋ, ಯಾವ ವಿಮರ್ಶಕನೂ ಕೆಸರಿನ ಪಕ್ಕ ನಿಂತು ನೋಡಿಲ್ಲ.

ನನ್ನ ಮುಖ್ಯ ತಕರಾರು ಇದೇ. ಈ ವಿಮರ್ಶೆಗಳು ಕ್ಯಾಮೆರಾವನ್ನು ನೋಡುತ್ತವೆ, ಆಟವನ್ನು ನೋಡುವುದಿಲ್ಲ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ, ರಿಕ್ವೈರ್‌ಮೆಂಟ್ ಕೇಳದೆಯೇ ಫೀಚರ್ ಪಟ್ಟಿ ಹೋಲಿಸೋದು. ಯಾವ ಆಟಕ್ಕೆ ಯಾವ ಚಿತ್ರ ಬೇಕು ಅನ್ನೋದು ಮೊದಲ ಪ್ರಶ್ನೆಯಾಗಬೇಕಿತ್ತು. ಕಂಬಳವನ್ನೇ ನೋಡಿ. ಹಗ್ಗ, ನೇಗಿಲು ವಿಭಾಗಗಳಲ್ಲಿ ಗೆಲುವು ಸಮಯದ್ದು. ಗಂತಿನಿಂದ ಮಂಜೊಟ್ಟಿಯವರೆಗೆ ಯಾರು ಮೊದಲು. ಅದು ವಿಡಿಯೋದ ಆಟ, ಒಂದು ಫೋಟೋದಲ್ಲಿ ಯಾರು ಗೆದ್ದರು ಅಂತ ಗೊತ್ತಾಗೋದೇ ಇಲ್ಲ. ಕನೆಹಲಗೆಯಲ್ಲಿ ಗೆಲುವು ಎತ್ತರದ್ದು. ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಆರೂವರೆ ಕೋಲಿನಲ್ಲೋ ಏಳೂವರೆ ಕೋಲಿನಲ್ಲೋ ಕಟ್ಟಿದ ನಿಶಾನೆಗೆ ತಾಗಿತೋ ಇಲ್ಲವೋ. ಅದು ಫೋಟೋದ ಆಟ. ಆ ಒಂದು ಹನಿ, ಆ ಒಂದು ಬಟ್ಟೆ. ವಿಡಿಯೋದಲ್ಲಿ ಅದು ಬಂದು ಹೋಗಿದ್ದೇ ಕಾಣದು. ನಮ್ಮ ಹಿರಿಯರು ಒಂದೇ ಕರೆಯಲ್ಲಿ ಎರಡೂ ಆಟ ಇಟ್ಟರು, ಆದರೆ ಎರಡನ್ನೂ ಒಂದೇ ಓಟದಲ್ಲಿ ಅಳೆಯಲು ಹೋಗಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು, ಹೇಳಲು ನನಗೆ ಸ್ವಲ್ಪ ಮುಜುಗರ. 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಕಂಬಳ ತೊಂದರೆಗೆ ಸಿಕ್ಕಿತು. 2017ರಲ್ಲಿ ರಾಜ್ಯ ಸರ್ಕಾರ ಕಾನೂನು ತಿದ್ದಿತು. 2023ರ ಮೇ ತಿಂಗಳಲ್ಲಿ ಅದನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಎತ್ತಿ ಹಿಡಿಯಿತು. ಇಷ್ಟೂ ವರ್ಷ ಜಗಳ ಇದ್ದದ್ದು ಕೋಣಕ್ಕೆ ನೋವಾಗುತ್ತದೋ ಇಲ್ಲವೋ ಎಂಬುದರ ಮೇಲೆ. ಸ್ಟಿಲ್ ತೆಗೆಯುವವನಿಗೆ ಒಂದು ಸೌಕರ್ಯ ಇದೆ. ಇಪ್ಪತ್ತು ಚಿತ್ರದಲ್ಲಿ ಬೆತ್ತ ಮೇಲೆದ್ದದ್ದನ್ನು ಬಿಟ್ಟು, ನೀರಿನ ಕಿರೀಟ ಇರುವ ಒಂದನ್ನು ಆರಿಸಬಹುದು. ಕೆಲೆಂಡರಿಗೆ, ಇನ್‌ಸ್ಟಾಗ್ರಾಮಿಗೆ ಅದೇ ಹೋಗೋದು. ವಿಡಿಯೋದವನಿಗೆ ಆ ಸೌಕರ್ಯ ಇಲ್ಲ, ಗಂತಿನಿಂದ ಮಂಜೊಟ್ಟಿಯವರೆಗೆ ಎಲ್ಲ ದಾಖಲಾಗುತ್ತೆ. ನಾನು ಕಂಬಳದ ಮನೆಯವ, ಅದು ನಿಲ್ಲಬೇಕು ಅಂತ ನನಗಿಲ್ಲ. ಆದರೆ ಕ್ಯಾಮೆರಾ ಆರಿಸುವಾಗ ನಾವು ಬರೀ ಗುಣಮಟ್ಟ ಆರಿಸುತ್ತಿಲ್ಲ, ಏನನ್ನು ತೋರಿಸುತ್ತೇವೆ ಅನ್ನುವುದನ್ನೂ ಆರಿಸುತ್ತಿದ್ದೇವೆ. ಇಂಥ ಒಂದು ಸಾಲನ್ನಾದರೂ ಯಾವುದಾದರೂ ವಿಮರ್ಶೆಯಲ್ಲಿ ಹುಡುಕಿದೆ, ಸಿಗಲಿಲ್ಲ.

ಸರಿ, ಗೆಳೆಯನಿಗೆ ಏನು ಹೇಳಿದೆ?

ಮೊದಲು ಕೇಳಿದ್ದು, ದುಡ್ಡು ಕೊಡೋದು ಯಾರು, ಯಾವುದಕ್ಕೆ. ಅವನು ಯೋಚಿಸಿ ಹೇಳಿದ: ಕಮಿಟಿಯವರಿಗೆ ಯೂಟ್ಯೂಬಿಗೆ ಹಾಕಲು ಇಡೀ ರಾತ್ರಿಯ ವಿಡಿಯೋ ಬೇಕು, ಅದಕ್ಕೆ ಒಟ್ಟು ಇಷ್ಟು ಅಂತ ಒಮ್ಮೆ ಕೊಡ್ತಾರೆ. ಕೋಣದ ಯಜಮಾನರಿಗೆ, ಓಡಿಸುವವರಿಗೆ ಫ್ರೇಮ್ ಹಾಕಿದ ಫೋಟೋ ಬೇಕು, ಅವರು ಒಂದೊಂದಕ್ಕೂ ಕೊಡ್ತಾರೆ. ರೀಲ್ಸ್ ಬೇಕು ಅನ್ನುವವರು ಬಹಳ, ದುಡ್ಡು ಕೊಡುವವರು ಕಮ್ಮಿ.

ಆಮೇಲೆ ಹೇಳಿದೆ, ಹೊಸ ಬಾಡಿ ತಗೊಬೇಡ. ನಿನ್ನ ಹತ್ತಿರ ಮದುವೆಗೆ ಇಟ್ಟ ಫುಲ್ ಫ್ರೇಮ್ ಡಿಎಸ್‌ಎಲ್‌ಆರ್ ಉಂಟಲ್ಲ, ಅದನ್ನೇ ಸ್ಟಿಲ್ಲಿಗೆ ಇಡು. ಅದರ ಮೌಂಟಿಗೆ ಸರಿಯಾಗುವ 70-200 ಎಫ್ 2.8, ಸೆಕೆಂಡ್ ಹ್ಯಾಂಡ್, ಫಂಗಸ್ ಇಲ್ಲದ್ದು ನೋಡಿ ತಗೋ. ನಮ್ಮ ಕರಾವಳಿಯ ತೇವಕ್ಕೆ ಲೆನ್ಸಿನ ಒಳಗೆ ಫಂಗಸ್ ಬರೋದು ಬೇಗ, ಟಾರ್ಚ್ ಹಾಕಿ ನೋಡದೆ ದುಡ್ಡು ಕೊಡಬೇಡ. ಮ್ಯಾನುವಲ್ಲಿನಲ್ಲಿ ಸಾವಿರದ ಒಂದು ಭಾಗ, ಎಫ್ 2.8, ಐಎಸ್‌ಒ ಮಾತ್ರ ಆಟೋ. ಮಂಜೊಟ್ಟಿಯ ಓರೆಯಲ್ಲಿ ನಿಲ್ಲು.

ವಿಡಿಯೋಗೆ ಒಂದು ಹಳೇ ಕ್ಯಾಮ್‌ಕಾರ್ಡರ್, ಗಟ್ಟಿ ಟ್ರೈಪಾಡ್, ಒಂದು ಮೈಕ್, ಕರೆಯ ಬದಿಯಲ್ಲಿ ಸ್ವಲ್ಪ ಎತ್ತರದ ಜಾಗ. ಸಣ್ಣ ಸೆನ್ಸರ್ ಅಂತ ಬೈಯುವವರಿಗೆ ಗೊತ್ತಿಲ್ಲ, ಫೋಕಸ್ಸಿನ ಆಳ ಜಾಸ್ತಿ ಇರೋದು ಇಲ್ಲಿ ವರ. ಸ್ಟಿಲ್ ಕ್ಯಾಮೆರಾಗಳು ಯುರೋಪಿನ ಸುಂಕದ ನಿಯಮ ತಪ್ಪಿಸಲು ಬಹಳ ಕಾಲ 29 ನಿಮಿಷ 59 ಸೆಕೆಂಡಿಗೆ ರೆಕಾರ್ಡಿಂಗ್ ನಿಲ್ಲಿಸುತ್ತಿದ್ದವು. ಕ್ಯಾಮ್‌ಕಾರ್ಡರಿಗೆ ಆ ರಗಳೆ ಇಲ್ಲ. ಕಾರ್ಡಿನ ಲೆಕ್ಕ ಮರೆಯಬೇಡ, 100 ಎಂಬಿಪಿಎಸ್ ಇಟ್ಟರೆ ಗಂಟೆಗೆ 45 ಜಿಬಿ. ಬೆಳಗಾಗುವಷ್ಟರಲ್ಲಿ ಕಾರ್ಡು ಮುಗಿದಿರುತ್ತೆ.

"ಎರಡು ಕ್ಯಾಮೆರಾಕ್ಕೆ ಎರಡು ಜನ ಬೇಕಲ್ಲ ಮಾರಾಯ, ನಾನು ಒಬ್ಬನೇ" ಅಂದ.

ನನ್ನ ಸಲಹೆಯ ತೂತು ಅದು. ಒಪ್ಪಿಕೊಂಡೆ. ಇನ್ನೊಬ್ಬ ಇಲ್ಲದಿದ್ದರೆ ನನ್ನ ಲೆಕ್ಕ ಅರ್ಧಕ್ಕೆ ನಿಲ್ಲುತ್ತೆ. ಹೈಬ್ರಿಡ್ ಮಾರುವವರು ಮಾರುತ್ತಿರೋದು ಆ ಎರಡನೆಯವನ ಸಂಬಳ ಉಳಿಯುತ್ತೆ ಅನ್ನುವ ಆಸೆಯನ್ನೇ. ಉಳಿಯಲ್ಲ ಅಂತ ಮಾತ್ರ ನಾನು ಹೇಳಬಲ್ಲೆ, ಇಎಂಐ ಕಟ್ಟಿ ಕಲಿತಿದ್ದೇನೆ. ಒಬ್ಬನೇ ಆದರೆ ವಿಭಾಗ ಹಂಚಿಕೋ ಅಂದೆ. ಕನೆಹಲಗೆ ಮತ್ತು ಫೈನಲ್‌ಗಳಿಗೆ ಫೋಟೋ, ಉಳಿದದ್ದಕ್ಕೆ ವಿಡಿಯೋ. ಓಟದ ನಡುವೆ ಮಾತ್ರ ಬದಲಿಸಬೇಡ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹೆಂಡತಿಗೆ ಟ್ರೈಪಾಡ್ ಹಿಡಿಯಲಿಕ್ಕೆ ಬರ್ತದೆ. ಮದುವೆಗೆಲ್ಲ ಬಂದು ಕಲ್ತಿದ್ದಾಳೆ" ಅಂದ.

"ಹಾಗಾದ್ರೆ ಕ್ಯಾಮೆರಾ ಕೇಳಬೇಕಾದ್ದು ಅವರ ಹತ್ರ, ನನ್ನ ಹತ್ರ ಅಲ್ಲ" ಅಂದೆ. "ಚಿನ್ನ ಅವರದ್ದೇ ಅಲ್ವಾ?"

ನಕ್ಕ. ಲೆನ್ಸು ಮತ್ತು ಕ್ಯಾಮ್‌ಕಾರ್ಡರ್ ಎರಡೂ ಸೇರಿ ಎರಡು ಲಕ್ಷದ ಒಳಗೇ ಆಯಿತಂತೆ, ಮೊನ್ನೆ ಮೆಸೇಜು ಬಂತು. ಬಳೆ ಮಾತ್ರ ಅಡ ಹೋಗಿದೆ, ಸರ ಮನೆಯಲ್ಲೇ ಇದೆ. ನವೆಂಬರಿನಲ್ಲಿ ಸೀಸನ್ ಶುರು. ಮಾವ ಹೊಸ ಜೋಡಿ ಕಟ್ಟಿದ್ದಾರೆ. ಈ ಸಲ ನಾನು ಕ್ಯಾಮೆರಾ ತಗೊಂಡು ಹೋಗುವುದಿಲ್ಲ, ಸುಮ್ಮನೆ ಕರೆಯ ಬದಿಯಲ್ಲಿ ನಿಂತು ಓಟ ನೋಡ್ತೇನೆ. ಚಾವಡಿಯ ಗೋಡೆಯ ಅಳತೆಯನ್ನು ಗೆಳೆಯನಿಗೆ ಕಳಿಸಿಯಾಗಿದೆ.